ಕಾಳು ತಿನ್ನುವ ಗಂಡು

“ಇನ್ನೊಂದು ಹಾಕೋ ಮಂಜಾ,” ಅಂದ ಬಸವರಾಜ.

ಹಾಕಿದೆ. ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಬಜ್ಜಿ. ಮುಟ್ಟಿದರೆ ಬೆರಳು ಸುಡುತ್ತದೆ. ಅವನು ಊದಲೂ ಇಲ್ಲ, ಸೀದಾ ಕಚ್ಚಿದ. ಕಣ್ಣಲ್ಲಿ ನೀರು. ಹಣೆ ಮೇಲೆ ಬೆವರು. ಕಿವಿ ಕೆಂಪಗೆ. ಎದುರಿಗೆ ಕಂಪ್ಲಿಯಿಂದ ಬಂದ ಶೇಖರಪ್ಪ ಕೈಕಟ್ಟಿ ನಿಂತು ನೋಡುತ್ತಿದ್ದರು, ಎತ್ತು ಕೊಳ್ಳೋಕೆ ಬಂದವರು ಹಲ್ಲು ನೋಡುವ ಹಾಗೆ.

“ಖಾರ ಆತೇನಪಾ?” ಅಂದರು.

“ಏ, ಇಲ್ಲರಿ. ಮಸ್ತ್ ಐತಿ,” ಅಂದ ಬಸವರಾಜ. ಧ್ವನಿ ಬೇರೆ ಯಾರದೋ ಇದ್ದ ಹಾಗಿತ್ತು.

ಹೊಸಪೇಟೆಯಲ್ಲಿ ನನ್ನದೊಂದು ಮಿರ್ಚಿ ಬಂಡಿ. ತಿನ್ನುವ ಸ್ಪರ್ಧೆ ಇಟ್ಟಿದ್ದೆ ಅಂದುಕೊಂಡಿರಾ? ಅಲ್ಲ. ಅಲ್ಲಿ ನಡೆಯುತ್ತಿದ್ದದ್ದು ಮದುವೆ ಮಾತುಕತೆ. ಬಸವರಾಜ ತಾನು ಆರೋಗ್ಯವಾಗಿದ್ದೇನೆ ಅಂತ ಪ್ರೂವ್ ಮಾಡುತ್ತಿದ್ದ. ಕರಿದ ಮಿರ್ಚಿ ತಿಂದು. (ಹೌದು, ಸರಿಯಾಗೇ ಓದಿದಿರಿ.)

ಮೊದಲಿಂದ ಹೇಳುತ್ತೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರಲ್ಲ.

ನಮ್ಮಕ್ಕ ಸುಮಾ ಆಶಾ ಕಾರ್ಯಕರ್ತೆ. ಬೆಳಗ್ಗೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಮನೆ ಮನೆಗೆ ಹೋಗಿ, ಎಣ್ಣೆ ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ, ಸೊಪ್ಪು ತಿನ್ನಿ, ಕಾಳು ತಿನ್ನಿ ಅಂತ ಹೇಳುವುದು ಅವಳ ಕೆಲಸ. ಸಂಜೆ ಅದೇ ಓಣಿಯವರಿಗೆ ಎಣ್ಣೆಯಲ್ಲಿ ಕರಿದು ಕೊಡುವುದು ನನ್ನ ಕೆಲಸ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಓಣಿಯ ಹೆಂಗಸರು ಬಿಡುತ್ತಾರಾ? “ನಮಗ ಹೇಳಾಕ ಬರ್ತಿ, ಮೊದಲ ಹೋಗಿ ನಿನ್ನ ತಮ್ಮನ ಒಲಿ ಆರಿಸವ್ವಾ” ಅಂದರಂತೆ ಒಬ್ಬರು. ಅವತ್ತು ಅಕ್ಕ ಮನೆಗೆ ಬಂದವಳೇ ಬ್ಯಾಗು ಎಸೆದಳು.

“ನಾಳಿಂದ ಬಂಡಿ ಮ್ಯಾಲ ಒಂದು ಪಾತ್ರಿ ಕಾಳು ಇಡು,” ಅಂದಳು. “ಹೆಸರುಕಾಳು ಮೊಳಕಿ ಬರಸಿ, ಒಂಚೂರು ಬೇಯಿಸಿ, ಉಳ್ಳಾಗಡ್ಡಿ, ಲಿಂಬಿಹಣ್ಣು, ಕೊತ್ತಂಬರಿ. ಅಷ್ಟ. ಮಿರ್ಚಿ ಪ್ಲೇಟಿಗೆ ಎಷ್ಟೈತೋ ಅದಕ್ಕೂ ಅಷ್ಟ ತಗೋ.”

“ಯಾರು ತಿಂತಾರಕ್ಕಾ ಅದನ್ನ?”

“ಯಾರೂ ತಿನ್ನಲಿಲ್ಲಂದ್ರ ನೀನ ತಿನ್ನು. ಹೊಟ್ಟಿ ನೋಡ್ಕೊ ನಿಂದು.”

(ನನ್ನ ಹೊಟ್ಟೆಯ ವಿಷಯ ಇಲ್ಲಿ ಬೇಡ.)

ಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆ ಮೊಳೆಗೆ ನೇತುಹಾಕಿದೆ. ಮಾರನೇ ದಿನ ಬಾಣಲೆ ಪಕ್ಕದಲ್ಲಿ ಕಾಳಿನ ಪಾತ್ರೆ ಕೂತಿತು. ಜನ ಬಂದರು, ಬಗ್ಗಿ ನೋಡಿದರು, ಮಿರ್ಚಿ ತಗೊಂಡು ಹೋದರು. ಕಾಳಿನ ಬಗ್ಗೆ ಬಾಯಿ ಬಿಟ್ಟ ಮೊದಲನೇ ಗಿರಾಕಿ ಪಕ್ಕದ ಓಣಿಯ ಒಬ್ಬ ಅಜ್ಜಿ.

“ಯಾರಿಗೆ ಆರಾಮಿಲ್ಲೋ ಮಂಜಾ? ನಿಮ್ಮವ್ವಗೇನು?”

ಎರಡನೇ ಗಿರಾಕಿ ಆಟೋದವನು. ಪಾರ್ಸೆಲ್ ಮಾಡಿಸಿಕೊಂಡ. ನನಗೆ ಖುಷಿಯೋ ಖುಷಿ. “ಮನಿಗೇನಣ್ಣ?” ಅಂದೆ.

“ಅಲ್ಲಪಾ, ದವಾಖಾನಿಗೆ. ನಮ್ಮ ಮಾವ ಅಡ್ಮಿಟ್ ಆಗ್ಯಾನ.”

ಒಂದು ವಾರದಲ್ಲಿ ಅದಕ್ಕೆ ಹೆಸರೇ ಬಿತ್ತು. ಪೇಷಂಟ್ ಪ್ಲೇಟು.

ಯಾಕೆ ಹೀಗೆ? ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ನಮ್ಮ ಓಣಿಯಲ್ಲಿ ಕಾಳು, ಗಂಜಿ, ಎಣ್ಣೆ ಇಲ್ಲದ ಪಲ್ಯ ಇವೆಲ್ಲ ಜ್ವರ ಬಂದಾಗ, ಬಾಣಂತನ ಆದಾಗ, ಡಾಕ್ಟರು ಬೈದಾಗ. ದಿನವಿಡೀ ಸಿಮೆಂಟ್ ಚೀಲ ಹೊತ್ತವನು ಸಂಜೆ ಬಂಡಿ ಮುಂದೆ ನಿಲ್ಲುವುದು ಹೊಟ್ಟೆ ತುಂಬಿಸೋಕೆ ಮಾತ್ರ ಅಲ್ಲ. ಇವತ್ತಿನ ಕೆಲಸ ಮುಗಿಯಿತು ಅಂತ ನಾಲಿಗೆಗೆ ಹೇಳೋಕೆ. ಅದು ಬಿಸಿ ಇರಬೇಕು, ಖಾರ ಇರಬೇಕು, ಪೇಪರಿಗೆ ಎಣ್ಣೆ ಹತ್ತಬೇಕು. ಅವನ ಕೈಗೆ ತಣ್ಣನೆ ಕಾಳು ಕೊಟ್ಟು ‘ಪ್ರೋಟೀನ್ ಐತಿ’ ಅಂದರೆ ಸುಮ್ಮನಿರುತ್ತಾನಾ?

ಇನ್ನೊಂದಿದೆ. ಜಿಮ್ಮಿಗೆ ಹೋಗುವ ಹುಡುಗ ಟೈಟ್ ಬನಿಯನ್ ಹಾಕಿಕೊಂಡು ಕಾಳು ತಿಂದರೆ ಅದು ಫಿಟ್ನೆಸ್. ಹಂಪಿಗೆ ಬಂದ ಫಾರಿನ್‌ನವರಿಗೆ ಅದೇ ಕಾಳನ್ನು ಮಣ್ಣಿನ ಬಟ್ಟಲಿಗೆ ಹಾಕಿ, ಮೇಲೊಂದು ಪುದೀನ ಎಲೆ ಇಟ್ಟು, ಮೆನು ಕಾರ್ಡಿನಲ್ಲಿ ಉದ್ದದ ಹೆಸರು ಬರೆದು ಕೊಡುತ್ತಾರೆ. ಅವರನ್ನು ಯಾರಾದರೂ ‘ನಿಮ್ಮವ್ವಗೇನು’ ಅಂತ ಕೇಳುತ್ತಾರಾ? ನಮ್ಮ ಓಣಿಯ ಹುಡುಗ ತಿಂದರೆ ಮಾತ್ರ ಶುಗರ್.

ಆರಾಮಾಗಿದ್ದೂ ಕಾಳು ತಿಂದವನು ಒಬ್ಬನೇ. ನನ್ನ ಗೆಳೆಯ ಬಸವರಾಜ. ಕುರೆಕುಪ್ಪ ಕಡೆಯ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಹೆಲ್ಪರ್. ಶಿಫ್ಟ್ ಮುಗಿಸಿ ಬಸ್ ಇಳಿದರೆ ಸೀದಾ ನನ್ನ ಬಂಡಿಗೆ ಬರುತ್ತಾನೆ. ಮೊದಲು ಅವನೂ ಮಿರ್ಚಿ ಗಿರಾಕಿಯೇ. ರಾತ್ರಿ ಎದೆ ಉರಿ, ಬೆಳಗ್ಗೆ ಡ್ಯೂಟಿಯಲ್ಲಿ ಏಣಿ ಹತ್ತಿದರೆ ಏದುಸಿರು. ಪಾತ್ರೆ ತುಂಬ ಕಾಳು ಉಳಿದದ್ದು ನೋಡಿ, ನನ್ನ ಮೇಲೆ ಕನಿಕರಪಟ್ಟು ಒಂದು ದಿನ ತಿಂದ. ಮರುದಿನ ತಾನೇ ಕೇಳಿದ. “ಲೇ, ಹೊಟ್ಟಿ ಹಗುರ ಅನಸ್ತೈತಲೇ” ಅಂದ. ಅವತ್ತಿಂದ ದಿನಾ ಅದೇ. ಬಂಡಿ ಪಕ್ಕ ನಿಂತು, ಎಲ್ಲರಿಗೂ ಕಾಣುವ ಹಾಗೆ.

ಎಲ್ಲರಿಗೂ ಕಾಣುವ ಹಾಗೆ ತಿಂದದ್ದೇ ಎಡವಟ್ಟಾಯಿತು.

ಕಂಪ್ಲಿಯಲ್ಲಿ ಅವನಿಗೆ ಒಂದು ಹುಡುಗಿ ನೋಡಿದ್ದರು. ಪೂಜಾ ಅಂತ. ಹೊಲಿಗೆ ಕೆಲಸ ಮಾಡುತ್ತಾಳೆ. ಅವನಿಗೆ ಹಿಡಿಸಿದ್ದಳು. ಎಷ್ಟು ಅಂದರೆ, ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಅನ್ನುವ ಬೋರ್ಡು ಕಂಡರೂ ಹಲ್ಲು ಕಿರಿಯುತ್ತಿದ್ದ. ಅವಳೂ ಒಪ್ಪಿದ್ದಳು. ದಿನಾ ಫೋನೂ ಶುರುವಾಗಿತ್ತು. ಬಾಕಿ ಇದ್ದದ್ದು ವಿಚಾರಣೆ. ನಮ್ಮ ಕಡೆ ಹೇಗೆ ಗೊತ್ತಲ್ಲ? ಹುಡುಗಿ ಕಡೆಯ ಹಿರಿಯರೊಬ್ಬರು ಹೇಳದೆ ಕೇಳದೆ ಗಂಡಿನ ಓಣಿಗೆ ಬರುತ್ತಾರೆ. ಚಾ ಅಂಗಡಿ, ಪಾನ್ ಅಂಗಡಿ, ಕಟಿಂಗ್ ಶಾಪು ಸುತ್ತುತ್ತಾರೆ. ಏನೋ ಖರೀದಿಗೆ ಬಂದವರ ಹಾಗೆ ನಡುವೆ ಗಂಡಿನ ಹೆಸರು ತೆಗೆಯುತ್ತಾರೆ. ಪೊಲೀಸರು ಇವರ ಹತ್ತಿರ ಟ್ರೇನಿಂಗ್ ತಗೋಬೇಕು.

ಪೂಜಾಳ ಸೋದರಮಾವ ಶೇಖರಪ್ಪ ನನ್ನ ಬಂಡಿಗೇ ಬಂದರು. ರೈಸ್ ಮಿಲ್ಲಿನಲ್ಲಿ ಹಮಾಲರ ಮೇಸ್ತ್ರಿ. ಭುಜ ಅಂದರೆ ಭುಜ. ಒಂದು ಪ್ಲೇಟ್ ಮಿರ್ಚಿ ತಗೊಂಡು ಮೆಲ್ಲಗೆ ಶುರು ಮಾಡಿದರು.

“ಈ ಓಣ್ಯಾಗ ಬಸವರಾಜ ಅಂತ ಒಬ್ಬ ಹುಡುಗ ಅದಾನಂತಲ್ಲ. ಹೆಂಗ?”

ಯಾರು ಅಂತ ನನಗೆ ಹೊಳೆಯಿತು. ಗೆಳೆಯನ ಮದುವೆ. ಬಿಡುತ್ತೀನಾ?

“ಬಂಗಾರದಂಥ ಹುಡುಗರಿ. ಕುಡಿಯಂಗಿಲ್ಲ. ಗುಟ್ಕಾ ಇಲ್ಲ. ಇಸ್ಪೀಟ್ ಇಲ್ಲ.”

“ಹೂಂ.” ಮುಖ ಅರಳಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಿದೆನಾ?

“ಅಷ್ಟ ಅಲ್ಲರಿ, ಮಿರ್ಚಿ ಸೈತ ಮುಟ್ಟಂಗಿಲ್ಲ! ದಿನಾ ಬಂದು ಕಾಳು ತಿಂದು ಹೋಗ್ತಾನ.”

ಶೇಖರಪ್ಪನವರ ಕೈಯಲ್ಲಿದ್ದ ಮಿರ್ಚಿ ಬಾಯಿಗೆ ಹೋಗದೆ ನಡುವೆ ನಿಂತಿತು.

“ಮಿರ್ಚಿ ಮುಟ್ಟಂಗಿಲ್ಲ? ಯಾಕ?”

“ಆರೋಗ್ಯಕ್ಕರಿ.”

“ಆರೋಗ್ಯಕ್ಕಂದ್ರ? ಏನಾಗೈತಿ ಅವಂಗ?”

“ಏನೂ ಆಗಿಲ್ಲರಿ.”

“ಏನೂ ಆಗಲಾರದ ಹರೇದ ಹುಡುಗ ದಿನಾ ಕಾಳು ತಿಂತಾನ?”

ಅಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬ ಗಿರಾಕಿ, “ಮಂಜಾ, ನನಗೊಂದು ಪೇಷಂಟ್ ಪ್ಲೇಟ್ ಕಟ್ಟು, ಜಲ್ದಿ” ಅಂದ. ಇಷ್ಟು ದಿನ ಸುಮ್ಮನಿದ್ದವನಿಗೆ ಅದೇ ಟೈಮ್ ಬೇಕಿತ್ತಾ?

ಶೇಖರಪ್ಪ ಪ್ಲೇಟ್ ಇಟ್ಟರು. ಕೈ ಒರೆಸಿಕೊಂಡರು. ಹೋದರು.

ಎರಡು ದಿನ ಬಿಟ್ಟು ಬಸವರಾಜನ ಮನೆಗೆ ಕಂಪ್ಲಿಯಿಂದ ಫೋನ್ ಬಂತು. ಸ್ವಲ್ಪ ದಿನ ತಡೀರಿ, ನಮ್ಮ ಹಿರಿಯರು ಇನ್ನೊಂದು ಸಲ ಕೂತು ಮಾತಾಡಬೇಕು ಅಂತ. ಇಂಥ ‘ತಡೀರಿ’ಗೆ ಅರ್ಥ ಏನು ಅಂತ ನಿಮಗೂ ಗೊತ್ತು. ಅವನ ಅವ್ವ ಸೆರಗು ಬಿಗಿದುಕೊಂಡು ಸೀದಾ ನನ್ನ ಬಂಡಿಗೆ ಬಂದಳು.

“ಏನ್ ಹೇಳಿದೆಲೇ ಅವರಿಗೆ? ನನ್ನ ಮಗಗ ಶುಗರ್ ಐತಿ ಅಂದ್ಯಂತ!”

“ನಾನೆಲ್ಲಿ ಅಂದೆ ಚಿಗವ್ವಾ? ನಾ ಹೊಗಳಿದೆ!”

“ಹಿಂಗ ಹೊಗಳೋ ಬದಲಿ ಬೈದಿದ್ರ ಚಲೋ ಇತ್ತಲ್ಲೋ!”

ಗಿರಾಕಿಗಳೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಬಸವರಾಜ ಬಂದ. ಬೈಯಲಿಲ್ಲ. ಫೋನ್ ಕೈಯಲ್ಲಿ ಹಿಡಿದು ಬಂಡಿಗೆ ಒರಗಿ ನಿಂತ. “ಆಕಿ ಫೋನ್ ಸೈತ ಎತ್ತವಲ್ಲಳಲೇ” ಅಂದ. ಅವತ್ತು ಕಾಳೂ ತಿನ್ನಲಿಲ್ಲ, ಮಿರ್ಚಿನೂ ತಿನ್ನಲಿಲ್ಲ. ಆಗ ನನ್ನ ನಗು ನಿಂತಿತು.

ಅಕ್ಕ ಇದನ್ನು ತನ್ನ ಕೇಸು ಅಂತ ಕೈಗೆತ್ತಿಕೊಂಡಳು. “ಇದಕ್ಯಾಕ ತಲಿ ಕೆಡಿಸ್ಕೊಂತೀರಿ? ಟೆಸ್ಟ್ ಮಾಡಿಸಿ ರಿಪೋರ್ಟ್ ಕಳಸ್ರಿ, ಬಾಯಿ ಮುಚ್ಕೊಂತಾರ,” ಅಂದಳು. ತಾನೇ ಕರೆದುಕೊಂಡು ಹೋಗಿ ರಕ್ತ ಕೊಡಿಸಿದಳು. ಎಲ್ಲ ನಾರ್ಮಲ್. ರಿಪೋರ್ಟಿನ ಫೋಟೋ ತೆಗೆದು ಶೇಖರಪ್ಪನವರಿಗೆ ವಾಟ್ಸಾಪ್ ಮಾಡಿದೆವು. ನೀಲಿ ಟಿಕ್ ಬಿತ್ತು. ಸ್ವಲ್ಪ ಹೊತ್ತಿಗೆ ಅವರದೇ ಫೋನ್ ಬಂತು.

“ಏನೂ ಇಲ್ಲದವರು ಟೆಸ್ಟ್ ಯಾಕ ಮಾಡಸ್ತಾರಪಾ?”

ಇದಕ್ಕೆ ಏನು ಹೇಳುತ್ತೀರಿ? ಟ್ರೇನಿಂಗ್ ಆದ ಅಕ್ಕನೂ ರಿಪೋರ್ಟು ಮಡಚಿ ಬ್ಯಾಗಿಗೆ ತುರುಕಿದಳು.

ಕೊನೆಗೆ ಉಳಿದದ್ದು ಒಂದೇ ದಾರಿ. ಭಾನುವಾರ ಶೇಖರಪ್ಪನವರನ್ನು ಚಾ ಕುಡಿಯೋಕೆ ಅಂತ ಹೊಸಪೇಟೆಗೆ ಕರೆಸಿದೆವು. ಬಸವರಾಜ ಬಂಡಿ ಮುಂದೆ ನಿಂತ. ಮುಂದಿನದ್ದನ್ನು ಮೇಲೆ ಓದಿದ್ದೀರಿ.

ಎಷ್ಟು ತಿಂದ ಅಂತ ಕೇಳಬೇಡಿ. ನಾನು ಎಣಿಸುವುದನ್ನು ಬಿಟ್ಟಿದ್ದೆ. ಕೊನೆಗೆ ಶೇಖರಪ್ಪ ಅವನ ಬೆನ್ನಿಗೆ ಒಂದು ಏಟು ಹಾಕಿದರು. ಹಮಾಲರ ಕೈ, ಬಸವರಾಜ ಒಂದು ಹೆಜ್ಜೆ ಮುಂದೆ ಹೋದ.

“ಭೇಷ್! ಗಂಡಸಂದ್ರ ಹಿಂಗಿರಬೇಕು. ನನ್ನ ಅನುಮಾನ ಹೋತು ನೋಡು,” ಅಂದರು. ನನ್ನ ಕಡೆ ತಿರುಗಿ, “ನಿಶ್ಚಯದ ಊಟಕ್ಕ ಮಿರ್ಚಿ ನಿನ್ನವ. ಬುಟ್ಟಿ ತುಂಬ ತರಬೇಕು,” ಅಂದರು.

ಅವರು ಬಸ್ ಹತ್ತುವವರೆಗೂ ಬಸವರಾಜ ನಗುತ್ತಾ ಕೈ ಬೀಸಿದ. ಬಸ್ ತಿರುಗಿದ್ದೇ ತಡ, ರೋಡಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ. “ಮಜ್ಜಿಗಿ ತಾರಲೇ… ಜಲ್ದಿ.”

ಕಥೆ ಮುಗಿಯಿತು ಅಂದುಕೊಂಡೆ. ಮಾರನೇ ದಿನ ಸಂಜೆ ಬಸವರಾಜನಿಗೆ ಪೂಜಾಳ ಫೋನ್ ಬಂತು. ಅವನು ಬಂಡಿ ಹತ್ತಿರವೇ ಇದ್ದ. ಸ್ಪೀಕರ್ ಹಾಕಿದ. (ಹುಡುಗಿ ಫೋನಿಗೂ ಸ್ಪೀಕರ್ ಹಾಕುವವನು ಇವನೊಬ್ಬನೇ. ಏನು ಮಾಡೋದು, ಕಿವಿಗಿಟ್ಟರೆ ಅವನ ಮೊಬೈಲ್‌ನಲ್ಲಿ ಕೇಳಿಸಲ್ಲ.)

“ನಮ್ಮ ಮಾವ ಭಾಳ ಖುಷಿ ಆಗ್ಯಾರ,” ಅಂದಳು.

“ಹೌದೇನ್ರಿ!” ಇವನ ಹಲ್ಲು ಹೊರಗೆ ಬಂತು.

“ಬಾಣಲಿ ಖಾಲಿ ಮಾಡಿದ್ರಂತ ನೀವು.”

“ಏ, ಅಷ್ಟೇನಿಲ್ಲ ಬಿಡ್ರಿ.”

“ನಮ್ಮಪ್ಪನೂ ಹಂಗ ತಿಂತಿದ್ದ. ಮೂಟಿ ಹೊತ್ತು ಬಂದು, ಮಿಲ್ಲಿನ ಮುಂದ ನಿಂತು. ಗಂಡಸಂದ್ರ ಹಿಂಗಿರಬೇಕು ಅಂತ ಅವಂಗೂ ಎಲ್ರೂ ಅಂತಿದ್ರು. ಈಗ ಶುಗರ್. ಕಾಲಿಗೆ ಆದ ಗಾಯ ಮಾಯವಲ್ದು. ದಿನಾ ಪಟ್ಟಿ ಕಟ್ಟಾಕಿ ನಾನು.”

ಬಸವರಾಜನ ಹಲ್ಲು ಒಳಗೆ ಹೋಯಿತು.

“ಕಾಳು ತಿಂತಾನಂತ ಹುಡುಗ ಅಂತ ಮಾವ ಬೈಕೊಂತ ಬಂದ್ರಲ್ಲ, ನನಗ ಒಳಗ ಖುಷಿ ಆಗಿತ್ತು. ನಿಮ್ಮ ಸಲುವಾಗಿ ಮಾವನ ಕೂಡ ಜಗಳಾನೂ ಮಾಡಿದೆ. ಅದಕ್ಕ ನನ್ನ ಫೋನ್ ಕಸಗೊಂಡಿದ್ರು. ಈಗ ನೋಡಿದ್ರ ನೀವೂ ಹಂಗ.”

“ಇಲ್ಲರಿ, ನಿನ್ನೆ ಒಂದಿನ ಅಷ್ಟ…”

“ಎಲ್ರೂ ಒಂದಿನ ಅಂತನ ಶುರು ಮಾಡ್ತಾರ,” ಅಂದಳು. ಇಟ್ಟಳು.

ಈಗ ನೋಡಿ ತಮಾಷೆ. ಮಾವನಿಗೂ ಅದೇ ಭಯ, ಹುಡುಗಿಗೂ ಅದೇ ಭಯ. ಮನೆಯಲ್ಲಿ ಒಬ್ಬರದ್ದು ನೋಡಿ ಸಾಕಾಗಿದೆ, ಶುಗರ್ ಇರುವ ಇನ್ನೊಬ್ಬ ಬೇಡ. ಅದಕ್ಕೇ ಮಾವ ಕಾಳು ತಿನ್ನುವವನನ್ನು ಕಂಡು ಹೆದರಿದರು. ಅದಕ್ಕೇ ಪೂಜಾ ಮಿರ್ಚಿ ತಿನ್ನುವವನನ್ನು ಕಂಡು ಹೆದರಿದ್ದಾಳೆ. ಮಧ್ಯದಲ್ಲಿ ನಮ್ಮ ಬಸವರಾಜ, ಎದೆ ಉಜ್ಜಿಕೊಳ್ಳುತ್ತಾ.

“ನಿಶ್ಚಯದ ಊಟದಾಗ ಇಬ್ರೂ ಇರ್ತಾರಲೇ. ಏನ್ ತಿನ್ಲಿ?” ಅಂದ.

“ಹೊಟ್ಟಿ ನೋವು ಅಂದುಬಿಡು.”

“ಮತ್ತ ರಿಪೋರ್ಟ್ ಕೇಳ್ತಾರ.”

ಅದೂ ನಿಜ.

ನಿಶ್ಚಯದ ದಿನ ಬಂತು. ಕಂಪ್ಲಿಯಲ್ಲಿ ಪೂಜಾಳ ಮನೆ ಮುಂದೆ ಶಾಮಿಯಾನ. ಗಳಿಗೆ ಸಂಜೆಗಿತ್ತು, ಹಾಗಾಗಿ ಮಧ್ಯಾಹ್ನ ಊಟ ಮೊದಲು, ಉಂಗುರ ಆಮೇಲೆ. ಎಲ್ಲರೂ ಸಾಲಾಗಿ ಎಲೆ ಮುಂದೆ ಕೂತರು. ಪೂಜಾಳ ಅಪ್ಪನಿಗೆ ಮಾತ್ರ ಕುರ್ಚಿ, ಮುಂದೆ ಒಂದು ಟೇಬಲ್ಲು. ಕಾಲಿಗೆ ಬಿಳೀ ಪಟ್ಟಿ. ಹಿಂದೊಮ್ಮೆ ಅವರಿಗೂ ಶೇಖರಪ್ಪನವರಂಥದೇ ಭುಜ ಇದ್ದಿರಬೇಕು. ಈಗ ಅಂಗಿ ಜೋತು ಬಿದ್ದಿತ್ತು.

ನಾನು ಬುಟ್ಟಿ ಹಿಡಿದು ಬಡಿಸುತ್ತಾ ಬಂದೆ. ಅಪ್ಪನ ಎಲೆಗೂ ಎರಡು ಬಿದ್ದವು. ಇವತ್ತೊಂದು ದಿನ ಏನಾಗಲ್ಲ ಬಿಡು ಅಂತ ಪಕ್ಕದವರೇ ಹಾಕಿಸಿದರು. ಬಸವರಾಜನ ಮುಂದೆ ಬಂದಾಗ ಶೇಖರಪ್ಪ ದೂರದಿಂದಲೇ ಕೂಗಿದರು.

“ಅಳಿಯಂದಿರಿಗೆ ಒಂದೆರಡು ಸಾಲಂಗಿಲ್ಲೋ ಮಂಜಾ! ಬುಟ್ಟಿನ ಇಡು ಅಲ್ಲಿ!”

ಎಲ್ಲರೂ ನಕ್ಕರು. ಪೂಜಾ ನೀರಿನ ಜಗ್ಗು ಹಿಡಿದು ಅಲ್ಲೇ ನಿಂತಿದ್ದಳು. ಅವಳು ಅವನ ಮುಖ ನೋಡುತ್ತಿರಲಿಲ್ಲ. ಎಲೆ ನೋಡುತ್ತಿದ್ದಳು.

ಬಸವರಾಜ ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದ.

“ಬ್ಯಾಡ.”

ಸಾಲಿಗೆ ಸಾಲೇ ತಿರುಗಿ ನೋಡಿತು. ಅವನ ಅವ್ವನ ತುತ್ತು ಕೈಯಲ್ಲೇ ಉಳಿಯಿತು. ಶೇಖರಪ್ಪ ಹತ್ತಿರ ಬಂದರು.

“ಯಾಕ? ಏನಾತು?”

“ನನಗ ಏನೂ ಆಗಿಲ್ಲರಿ ಮಾವ. ಏನೂ ಆಗಬಾರದು ಅಂತ ಬ್ಯಾಡ ಅಂದೆ,” ಅಂದ ಬಸವರಾಜ. ಈ ಸಲ ಅವನದೇ ದನಿ. “ಅವತ್ತು ನಿಮ್ಮ ಸಲುವಾಗಿ ತಿಂದೆ. ಎರಡು ದಿನ ಎದಿ ಉರೀತು. ಗಂಡಸಂತ ತೋರಸಾಕ ದಿನಾ ಹಂಗ ತಿನ್ನಬೇಕಂದ್ರ ನೀವು ಬ್ಯಾರೆ ಗಂಡು ನೋಡ್ರಿ. ಮುಂದ ನನ್ನ ಕಾಲಿಗೆ ಪಟ್ಟಿ ಕಟ್ಟಾಕಿ ನಿಮ್ಮ ಪೂಜಾನ.”

ಮುಗಿಯಿತು, ಗಾಡಿ ಹತ್ತೋಣ ಅಂದುಕೊಂಡೆ ನಾನು.

“ಏನಪಾ ಇದು? ನಿಶ್ಚಯದ ಮನಿಯೋ, ದವಾಖಾನಿಯೋ?” ಅಂದರು ಶೇಖರಪ್ಪ. ಯಾರಾದರೂ ನಗುತ್ತಾರೇನೋ ಅಂತ ಸುತ್ತ ನೋಡಿದರು. ಯಾರೂ ನಗಲಿಲ್ಲ.

ಕುರ್ಚಿಯಿಂದ ಪೂಜಾಳ ಅಪ್ಪ ನನ್ನನ್ನು ಕರೆದರು. “ತಮ್ಮಾ, ಇಲ್ಲಿ ಬಾ.” ಎಲೆಯಲ್ಲಿದ್ದ ಎರಡು ಮಿರ್ಚಿ ಎತ್ತಿ ಬದಿಗಿಟ್ಟರು. “ಇವನ್ನ ತಗೊಂಡು ಹೋಗು. ನನಗೂ ಹಿಂಗ ಕೈ ಅಡ್ಡ ಹಿಡಿಯಾಕ ಬರ್ತಿದ್ರ ಚಲೋ ಇತ್ತು.”

ಪೂಜಾ ಜಗ್ಗು ಇಟ್ಟು ಒಳಗೆ ಹೋದಳು. ಅಳೋಕೆ ಹೋದಳು ಅಂದುಕೊಂಡೆವು. ಬಂದಾಗ ಕೈಯಲ್ಲಿ ಕೋಸಂಬರಿ ಪಾತ್ರೆ. ಬಸವರಾಜನ ಎಲೆಗೆ ಒಂದು ಸೌಟು. ಅಪ್ಪನ ಎಲೆಗೆ ಒಂದು ಸೌಟು. ಆಮೇಲೆ ಶೇಖರಪ್ಪನವರನ್ನು ಅವರ ಎಲೆ ಮುಂದೆ ಕೂರಿಸಿ, ಕೇಳದೆಯೇ ಎರಡು ಸೌಟು ಹಾಕಿದಳು.

“ನನಗ್ಯಾಕವ್ವಾ ಇಷ್ಟು?”

“ನಿನಗಿನ್ನೂ ಏನೂ ಆಗಿಲ್ಲಲ್ಲ ಮಾವ. ಅದಕ್ಕ. ತಿನ್ನು.”

ಏನೋ ಗೊಣಗಿದರು. ತಿಂದರು.

ಸಂಜೆ ಉಂಗುರ ಆಯಿತು. ಮದುವೆ ದಿನವೂ ಗೊತ್ತಾಗಿದೆ. ನನ್ನ ಮಿರ್ಚಿ ಏನಾಯಿತು ಅಂತ ಕೇಳುತ್ತೀರಾ? ಉಳಿದ ಬೀಗರು ಸೇರಿ ಬುಟ್ಟಿ ಖಾಲಿ ಮಾಡಿದರು. ಒಬ್ಬರು ಮಾತಾಡಿದ ಕೂಡಲೇ ಎಲ್ಲರೂ ಬದಲಾಗೋಕೆ ಇದೇನು ಟಿವಿ ಜಾಹೀರಾತಾ?

ನಾನೂ ಬಾಣಲೆ ಇಳಿಸಿಲ್ಲ. ಹೊಟ್ಟೆಪಾಡು. ಆದರೆ ಒಂದು ಗೊತ್ತಾಯಿತು. ಅಕ್ಕ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುವ ಬಣ್ಣದ ಚಾರ್ಟುಗಳಲ್ಲಿ ಸೊಪ್ಪಿದೆ, ಕಾಳಿದೆ, ಹಣ್ಣಿದೆ. ಅವು ಒಳ್ಳೆಯವು ಅಂತ ನಮ್ಮ ಓಣಿಗೂ ಗೊತ್ತು. ಹಣ್ಣು ತುಟ್ಟಿ, ಒಪ್ಪಿದೆ. ಕಾಳಿನ ಪ್ಲೇಟು ಮಿರ್ಚಿ ಪ್ಲೇಟಿನ ರೇಟಿಗೇ ಸಿಗುತ್ತದೆ. ಆದರೂ ಕೈ ಮುಂದೆ ಬರಲ್ಲ. ಪಕ್ಕದಲ್ಲಿ ನಿಂತವನು ಏನು ಅಂದುಕೊಳ್ಳುತ್ತಾನೋ ಅನ್ನುವುದು ಆ ಚಾರ್ಟಿನಲ್ಲಿ ಎಲ್ಲೂ ಇಲ್ಲ.

ನನ್ನ ಹತ್ತಿರ ಹೇಳೋಕೆ ಇನ್ನೇನೂ ಇಲ್ಲ. ಕೇಳೋಕೆ ಒಂದೇ ಇದೆ: ಕಾಳು ತಿನ್ನುವವನಿಗೆ ‘ಏನಾಗೈತಿ’ ಅಂತ ಕೇಳುವ ಜನ, ಮಿರ್ಚಿ ತಿನ್ನುವವನಿಗೆ ಯಾಕೆ ಕೇಳಲ್ಲ?